ಕಿಟಕಿ ಪಕ್ಕದ ರಾಟಿ

ಪಿರಮಿಡ್ಡಿನ ಬಗ್ಗೆ ದಯವಿಟ್ಟು ನನ್ನನ್ನು ಕೇಳಬೇಡಿ. ಈಜಿಪ್ಟಿಗೆ ಹೋಗಿಬಂದು ತಿಂಗಳಾಯಿತು. ಬೆಳಗಾವಿಯ ನೆಹರು ನಗರದ ನಮ್ಮ ಓಣಿಯಲ್ಲಿ ಎದುರಾದವರೆಲ್ಲ ಅದನ್ನೇ ಕೇಳುತ್ತಾರೆ. ದೊಡ್ಡದಿದೆ, ಬಿಸಿಲಿದೆ, ಒಂಟೆಯವರ ಕಾಟವಿದೆ ಎಂದು ಹೇಳಿ ಮುಂದೆ ನಡೆಯುತ್ತೇನೆ. ನನಗೆ ಹೇಳಬೇಕಾಗಿರುವುದು ಬೇರೆ. ಅದು ನನಗೇ ಇನ್ನೂ ಸರಿಯಾಗಿ ತಿಳಿದಿಲ್ಲ. ಬರೆಯುತ್ತ ಹೋದರೆ ತಿಳಿದೀತೇನೋ ಎಂದು ಕೂತಿದ್ದೇನೆ.

ಖಾಸಬಾಗ

ಪ್ರವಾಸ ಕೈರೋದಲ್ಲಿ ಶುರುವಾಗಲಿಲ್ಲ, ಬೆಳಗಾವಿಯದೇ ಖಾಸಬಾಗದಲ್ಲಿ ಶುರುವಾಯಿತು. ನಾವು ಅಲ್ಲಿಯ ನೇಕಾರರ ಮನೆಯವರು. ಮುಂದಿನ ಕೋಣೆಯಲ್ಲಿ ಅಪ್ಪನ ಮಗ್ಗ, ಮಗ್ಗದ ಆಚೆ ಓಣಿಗೆ ತೆರೆದ ಕಿಟಕಿ, ಕಿಟಕಿಯ ಬುಡದಲ್ಲಿ ನನ್ನ ಅಕ್ಕನ ರಾಟಿ. ಬಲಗೈಯಿಂದ ರಾಟಿ ತಿರುಗಿಸುತ್ತ, ಎಡಗೈಯಲ್ಲಿ ಎಳೆ ಹಿಡಿದು, ನೂಲನ್ನು ಬೆರಳುದ್ದದ ಕಂಡಿಕೆಗಳಿಗೆ ಸುತ್ತುವುದು ಅವಳ ಕೆಲಸ. ಆ ಕಂಡಿಕೆಗಳನ್ನು ಅಪ್ಪ ಲಾಳಿಯಲ್ಲಿಟ್ಟು ಸೀರೆ ನೇಯುತ್ತಿದ್ದ. ಮೊದಲು ಅದನ್ನು ಅವ್ವ ಮಾಡುತ್ತಿದ್ದಳು. ಅವಳ ಕಣ್ಣು ಮಂಜಾದ ವರ್ಷ ಅಕ್ಕನನ್ನು ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಿದರು. ಅಕ್ಕನಿಗೆ ಆಗ ಹತ್ತು ವರ್ಷ, ನನಗೆ ಏಳು.

ನನ್ನನ್ನು ಬಿಡಿಸಲಿಲ್ಲ. ಸಂಜೆ ಶಾಲೆಯಿಂದ ಬಂದು ಅದೇ ಕಿಟಕಿಯ ಬೆಳಕಿನಲ್ಲಿ, ರಾಟಿಗೆ ಹತ್ತಿಕೊಂಡೇ ಕೂತು, ನಾನು ಗಟ್ಟಿಯಾಗಿ ಪಾಠ ಓದುತ್ತಿದ್ದೆ. ಎಂಟನೇ ಇಯತ್ತೆಗೆ ಬಂದಾಗ ಅಪ್ಪ ಒಳಕೋಣೆಯನ್ನು ಖಾಲಿ ಮಾಡಿಸಿ ನನಗೆ ಕೊಟ್ಟ. ಒಂದು ಟೇಬಲ್ಲು, ಒಂದು ಬಲ್ಬು, ಬಾಗಿಲು ಹಾಕಿಕೊಂಡರೆ ಯಾವ ಸಪ್ಪಳವೂ ಇಲ್ಲ. ಆ ಕೋಣೆಯಲ್ಲಿ ಓದಿಯೇ ನಾನು ನರ್ಸಾದೆ, ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಬಡ ನೇಕಾರನೊಬ್ಬ ಮಗಳಿಗಾಗಿ ಕೋಣೆ ಬಿಟ್ಟುಕೊಟ್ಟ ಈ ಕತೆಯನ್ನು ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ಹೇಳಿ ಎಲ್ಲರ ಕಣ್ಣಲ್ಲಿ ನೀರು ತರಿಸಿದ್ದೆ.

ಅಕ್ಕನನ್ನು ಖಾನಾಪುರಕ್ಕೆ ಮದುವೆ ಮಾಡಿಕೊಟ್ಟರು. ಹೆಸರು ಮಹಾದೇವಿ, ಅಲ್ಲಿ ಎಲ್ಲರಿಗೂ ಮಾದಕ್ಕ. ಈಗ ಅರವತ್ನಾಲ್ಕು. ನಿವೃತ್ತಿಯ ನಂತರ ಅವಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದು ಮನಸ್ಸಾಯಿತು. ಎಲ್ಲಿಗೆ ಹೋಗೋಣ ಎಂದು ಕೇಳಿದೆ. ಕಾಶಿ ಅನ್ನುತ್ತಾಳೆ ಎಂದು ಖಾತ್ರಿಯಿತ್ತು.

"ಈಜಿಪ್ತ," ಅಂದಳು.

"ಎಲ್ಲಿಗಿ?"

"ಪಿರಮಿಡ್ಡ ಅದಾವಲ್ಲ, ಅಲ್ಲಿಗಿ."

"ನಿನಗ ಹೆಂಗ ಗೊತ್ತು? ಟೀವಿಯಾಗ ನೋಡಿದ್ಯಾ?"

"ಹೂಂ, ಹಂಗ ಅನಕೋ," ಎಂದು ಮೊರದಲ್ಲಿದ್ದ ಅಕ್ಕಿ ಆರಿಸತೊಡಗಿದಳು. ಮುದುಕಿಗೆ ಇದೆಂಥ ಹುಚ್ಚು ಎಂದು ನಗುತ್ತಲೇ ಒಂದು ಪ್ರವಾಸದ ಗುಂಪಿಗೆ ಇಬ್ಬರ ಹೆಸರು ಬರೆಸಿದೆ.

ಕೈರೋ

ವಿಮಾನ ನಿಲ್ದಾಣದಲ್ಲೇ ಮೊದಲ ಫಜೀತಿ. ಅಕ್ಕನ ಚೀಲದಲ್ಲಿ ಶೇಂಗಾ ಚಟ್ನಿ, ಖಾರಬ್ಯಾಳಿ, ನಲವತ್ತು ಕಟಕ ರೊಟ್ಟಿ. ಸಮವಸ್ತ್ರದ ಹುಡುಗನೊಬ್ಬ ಚಟ್ನಿಯ ಡಬ್ಬಿ ತೆಗೆದು ಮೂಗಿನ ಹತ್ತಿರ ತಂದ. ಅವನು ಎಂಟು ಸಲ ಸೀನಿದ, ನಾವು ಎಣಿಸಿದೆವು. ಅಕ್ಕ ಅವನ ಬೆನ್ನು ತಟ್ಟಿ, "ಪಾಣಿ ಪೀ ರೇ ಬಾಳಾ," ಎಂದು ಮರಾಠಿಯಲ್ಲಿ ನೀರು ಕುಡಿಯಲು ಹೇಳಿದಳು. ಖಾನಾಪುರದಲ್ಲಿ ಕನ್ನಡ ತಿಳಿಯದವರು ಸಿಕ್ಕರೆ ಮರಾಠಿಗೆ ಹೊರಳುವುದು ರೂಢಿ. ಕನ್ನಡ ಬಾರದವರಿಗೆಲ್ಲ ಮರಾಠಿ ಬರುತ್ತದೆ ಎಂದು ಅವಳ ನಂಬಿಕೆ. ಎಂಟು ದಿನವೂ ಅವಳು ಇಡೀ ಈಜಿಪ್ಟಿನ ಜೊತೆ ಮರಾಠಿಯಲ್ಲೇ ಮಾತಾಡಿದಳು. ನನ್ನ ಇಂಗ್ಲಿಷಿಗಿಂತ ಅದೇ ಹೆಚ್ಚು ನಡೆಯಿತು.

ಅಲ್ಲಿಯ ಜನ ಬೆಳಿಗ್ಗೆ ಎದ್ದು ಕುದಿಸಿದ ಕಾಳನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ, ಗಾಡಿಯ ಮುಂದೆ ನಿಂತುಕೊಂಡೇ. ರಸ್ತೆ ದಾಟುವಾಗ ಯಾರೂ ಯಾರಿಗೂ ನಿಲ್ಲುವುದಿಲ್ಲ. ಕೈ ಅಡ್ಡ ಮಾಡಿ ನಡೆದರೆ ಆಯಿತು, ಬೈಯುತ್ತಲೇ ದಾರಿ ಬಿಡುತ್ತಾರೆ. ಎಲ್ಲಿ ಹೋದರೂ ಕೆಂಪು ಷರಬತ್ತು ಕೊಡುತ್ತಾರೆ. ಅಕ್ಕ ಒಂದು ಗುಟುಕು ಕುಡಿದು, "ಏ ಶಾಂತಾ, ಇದು ನಮ್ಮ ಪುಂಡಿ!" ಅಂದಳು. ನಿಜ, ನಾವು ಪಲ್ಯ ಮಾಡುವ ಪುಂಡಿಯ ಜಾತಿಯದೇ ಹೂವು. "ತೊಪ್ಪಲಾ ಏನ ಮಾಡತಾರಂತ ಕೇಳು," ಎಂದು ನನ್ನ ಮೂಲಕ ನಮ್ಮ ಗೈಡ್ ಹಸನ್‌ನನ್ನು ಪೀಡಿಸಿದಳು. ಹಿಂದಿ ಸಿನೆಮಾ ನೋಡಿ ಹಿಂದಿ ಕಲಿತಿದ್ದ ಅವನಿಗೆ ಸಿನೆಮಾದಲ್ಲಿ ಸೊಪ್ಪಿನ ಮಾತು ಬಂದಿರಲಿಲ್ಲ.

ಪಿರಮಿಡ್ಡಿನ ಹತ್ತಿರ ಒಂದೇ ಒಂದು ಜಗಳವಾಯಿತು. ಅಕ್ಕನಿಗೆ ಒಳಗೆ ಹೋಗಬೇಕಿತ್ತು. ಇಕ್ಕಟ್ಟಾದ ಏರುದಾರಿ, ಬಗ್ಗಿಕೊಂಡೇ ನಡೆಯಬೇಕು, ಒಳಗೆ ಗಾಳಿ ಕಡಿಮೆ ಎಂದು ಹಸನ್ ಹೇಳಿದ. ಮೂವತ್ತೈದು ವರ್ಷ ರೋಗಿಗಳಿಗೆ ಇದನ್ನು ಮಾಡಬೇಡಿ, ಅದನ್ನು ಮಾಡಬೇಡಿ ಎಂದ ನಾಲಿಗೆ ನನ್ನದು.

"ನಿನ್ನ ಮಣಕಾಲ ನೋಡ್ಕೋ. ಬ್ಯಾಡ."

"ಸಾವಕಾಶ ಹೋಗ್ತೇನಿ."

"ಬ್ಯಾಡ ಅಂದ್ರ ಬ್ಯಾಡ. ಒಳಗೇನ ಇಟ್ಟಾರ, ಖಾಲಿ ಖೋಲಿ."

ಅಕ್ಕ ಆ ಕಲ್ಲಿನ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ ಸುಮ್ಮನಾದಳು. ಅವಳು ಯಾವಾಗಲೂ ಹೀಗೆಯೇ, ಬೇಗ ಸುಮ್ಮನಾಗುತ್ತಾಳೆ.

ಕಾಲುವೆ ದಂಡೆಯ ಶಾಲೆ

ಅದೇ ಮಧ್ಯಾಹ್ನ ನಮ್ಮನ್ನು 'ಕಾರ್ಪೆಟ್ ಶಾಲೆ'ಗೆ ಒಯ್ದರು. ಕಾಲುವೆಯ ಪಕ್ಕ ಎರಡಂತಸ್ತಿನ ಕಟ್ಟಡ. ಮೇಲೆ ಅಂಗಡಿ, ಕೆಳಗೆ ಮಗ್ಗಗಳು. ಮಗ್ಗಗಳ ಮುಂದೆ ಎಂಟು, ಹತ್ತು, ಹನ್ನೆರಡು ವರ್ಷದ ಮಕ್ಕಳು. ಅವರ ಬೆರಳುಗಳು ಗಂಟು ಹಾಕುವ ವೇಗಕ್ಕೆ ನಮ್ಮ ಗುಂಪಿನವರೆಲ್ಲ ಫೋನು ಹಿಡಿದರು. ಮಕ್ಕಳು ಬೆಳಿಗ್ಗೆ ಓದುತ್ತಾರೆ, ಮಧ್ಯಾಹ್ನ ಕಸುಬು ಕಲಿಯುತ್ತಾರೆ ಎಂದು ಅಲ್ಲಿಯ ಮೇಸ್ತ್ರಿ ಹೇಳಿದ. ಎಲ್ಲಿ ಓದುತ್ತಾರೆ ಎಂದು ಕೇಳಿದೆ. ಅವನು ಕೈಯನ್ನು ಗಾಳಿಯಲ್ಲಿ ಆಡಿಸಿದ, ಆ ಕಡೆ ಎಂಬಂತೆ. ಷರಬತ್ತು ಬಂತು.

ನಮ್ಮ ಗುಂಪಿನಲ್ಲಿ ಉಪಾಧ್ಯೆ ಎಂಬ ನಿವೃತ್ತ ವಕೀಲರಿದ್ದರು, ಬೆಳಗಾವಿಯ ಜೈನರು. ಇರುವೆಯನ್ನೂ ದಾಟಿಕೊಂಡು ನಡೆಯುವ ಮನುಷ್ಯ. ಅವರ ಮುಖ ಕೆಂಪಾಯಿತು. "ಇದು ಗುನ್ಹೆ ಐತಿ ಬಾಯಿಯವರ, ಖರೇ ಹೇಳತೇನಿ. ನಮ್ಮಲ್ಲಿ ಆಗಿದ್ರ ಒಳಗ ಹಾಕಸ್ತಿದ್ದೆ," ಅಂದರು. ನನಗೂ ಹಾಗೆಯೇ ಅನ್ನಿಸಿತು. ಒಂದು ಮಗುವಿನ ಕೆಮ್ಮು ಕೇಳಿ, ಈ ನೂಲಿನ ಧೂಳು ಎಂಥ ಎದೆಗೆ ಇಳಿಯುತ್ತಿದೆ ಎಂದು ಸಂಕಟವಾಯಿತು. ಅದೇ ಹೊತ್ತಿಗೆ, ಹೇಳಲು ನಾಚಿಕೆ, ಆ ಮಗ್ಗದ ವಾಸನೆಗೆ ನನಗೆ ಖಾಸಬಾಗದ ಮನೆಗೆ ಬಂದಷ್ಟು ಹಿತವೂ ಆಯಿತು. ಒಂದೇ ಎದೆಯಲ್ಲಿ ಎರಡೂ ಹೇಗೆ ಹಿಡಿದವೋ ತಿಳಿಯಲಿಲ್ಲ.

ಅಕ್ಕ ಕಾಣಲಿಲ್ಲ. ಹುಡುಕಿದರೆ ಮೂಲೆಯ ಕಿಟಕಿಯ ಹತ್ತಿರ ನೆಲಕ್ಕೆ ಕೂತಿದ್ದಾಳೆ. ಅವಳ ಮುಂದೆ ಒಬ್ಬ ಹುಡುಗಿ, ಹನ್ನೊಂದು ವರ್ಷವಿರಬೇಕು, ತಲೆಗೆ ಹಸಿರು ಬಟ್ಟೆ. ಹುಡುಗಿಯ ಮುಂದೆ ಒಂದು ರಾಟಿ. ಮರದ ಚಕ್ರ, ದಾರ, ಕಡ್ಡಿ, ಎಲ್ಲವೂ ನಮ್ಮದರಂತೆಯೇ. ಹುಡುಗಿ ನೂಲು ಸುತ್ತುತ್ತಿದ್ದಳು, ಬಹಳ ಸಾವಕಾಶ. ಎಳೆ ಹರಿದರೆ ಚಕ್ರ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕಿ, ಮತ್ತೆ ಶುರು ಮಾಡುತ್ತಿದ್ದಳು. ಕಿಟಕಿಯಾಚೆ ಪಕ್ಕದ ಶಾಲೆಯ ಅಂಗಳ. ಅಲ್ಲಿ ಸಮವಸ್ತ್ರದ ಮಕ್ಕಳು ಒಕ್ಕೊರಲಿನಲ್ಲಿ ಏನೋ ಒಪ್ಪಿಸುತ್ತಿದ್ದರು.

ಅಕ್ಕನಿಗೆ ತಡೆಯಲಾಗಲಿಲ್ಲ. "ಅಸ ನಾಯ್ ಗ ಪೋರೀ," ಹೀಗಲ್ಲ ಮಗಳೇ, ಎಂದು ಮರಾಠಿಯಲ್ಲಿ ಹೇಳಿ ರಾಟಿಯನ್ನು ತನ್ನ ಕಡೆ ಎಳೆದುಕೊಂಡಳು. ಚಕ್ರಕ್ಕೆ ಜೋರಾಗಿ ಒಂದು ತಿರುವು ಕೊಟ್ಟು ಕೈಬಿಟ್ಟಳು. ಚಕ್ರ ತಾನೇ ತಿರುಗುತ್ತಿರುವಾಗ ಎರಡೂ ಕೈಗೆ ಬಿಡುವು. ಹರಿದ ಎಳೆಯ ತುದಿಗೆ ಎಂಜಲು ಹಚ್ಚಿ, ಬೆರಳಲ್ಲಿ ಹೊಸೆದು ಸೇರಿಸಿದಳು. ಚಕ್ರ ನಿಲ್ಲಲೇ ಇಲ್ಲ. ನಲವತ್ತಾರು ವರ್ಷದಿಂದ ಮುಟ್ಟದ ಕೆಲಸ, ಕೈ ಒಂದಿಷ್ಟೂ ಮರೆತಿರಲಿಲ್ಲ. ಮೇಸ್ತ್ರಿ ಬಂದು ನಿಂತ. ಎಲ್ಲರೂ ಚಪ್ಪಾಳೆ ತಟ್ಟಿದರು. ಉಪಾಧ್ಯೆಯವರೂ ತಟ್ಟಿದರು. ಮೇಸ್ತ್ರಿ ಹುಡುಗಿಗೆ ಏನೋ ಹೇಳಿದ, ಅವಳು ಹಾಗೆಯೇ ಮಾಡಿ ತೋರಿಸಿದಳು, ಮೂರನೇ ಸಲಕ್ಕೆ ಕೈ ಹಿಡಿಯಿತು. ಹುಡುಗಿಯ ಹೆಸರು ಹನಾನ್ ಎಂದು ಹಸನ್ ಹೇಳಿದ.

ಅಕ್ಕನ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಹನಾನ್ ಮಾತ್ರ ನಗಲಿಲ್ಲ.

ಬಸ್ಸಿನಲ್ಲಿ

ಉಪಾಧ್ಯೆಯವರ ಬಗಲಲ್ಲಿ ಸುರುಳಿ ಸುತ್ತಿದ ಒಂದು ಜಮಖಾನವಿತ್ತು. ನಾನು ನೋಡಿದ್ದನ್ನು ಅವರು ನೋಡಿ, "ತಗೊಂಡ್ರ ಆ ಕೂಸಗೋಳ ಹೊಟ್ಟಿಗೆ ಆಕ್ಕೈತಿ, ಬಿಟ್ರ ಅದೂ ಇಲ್ಲ. ಏನ ಮಾಡಬೇಕ್ರಿ ನಾವು?" ಅಂದರು. ಕೇಳಿದ್ದು ನನ್ನನ್ನೇ. ನನ್ನ ಚೀಲದಲ್ಲೂ ಒಂದು ಸಣ್ಣ ಜಮಖಾನವಿತ್ತು.

ಅಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕ ನನ್ನ ಮೊಣಕೈ ಹಿಡಿದಳು.

"ಶಾಂತಾ, ತಪ್ಪ ಮಾಡೇನಿ."

"ಏನಾತು?"

"ಆ ಹುಡುಗಿಗಿ ಬರೂದಿಲ್ಲ ಅಂತಲ್ಲ. ಬೇಕಂತ ಸಾವಕಾಶ ಸುತ್ತಾಕತ್ತಿದ್ಲು."

"ನಿನಗ ಹೆಂಗ ಗೊತ್ತು?"

"ಗೊತ್ತಾಕ್ಕೈತಿ."

ಮತ್ತೆ ಕೇಳಿದರೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ನನಗೆ ತಟ್ಟನೆ ಹೊಳೆಯಿತು. ಬೇಗ ಮುಗಿಸಿದರೆ ಇನ್ನಷ್ಟು ನೂಲು ತಂದು ಹಾಕುತ್ತಾರೆ, ಅದಕ್ಕೇ ಹುಡುಗಿ ನಿಧಾನ ಮಾಡುತ್ತಿದ್ದಳು. ಉಪಾಧ್ಯೆಯವರಿಗೆ ಹೇಳಿದೆ. "ಅಂದ್ರ ಸತ್ಯಾಗ್ರಹ!" ಎಂದು ಅವರು ಖುಷಿಪಟ್ಟರು. ನಾನು ಖುಷಿಪಡಲಿಲ್ಲ. ಅಕ್ಕನಿಗೆ ಅದು ಗೊತ್ತಾಗಬೇಕಾದರೆ, ಖಾಸಬಾಗದಲ್ಲಿ ಅವಳೂ ಹಾಗೆಯೇ ಮಾಡಿರಬೇಕು. ನಗುನಗುತ್ತ ಸುತ್ತುತ್ತಿದ್ದಳು ಎಂದು ನಾನು ತಿಳಿದ ಅಕ್ಕ, ಒಳಗೊಳಗೇ ಆ ಕೆಲಸವನ್ನು ಹಳಿಯುತ್ತಿದ್ದಳೇ? ಮಕ್ಕಳ ದುಡಿಮೆಯ ಬಗ್ಗೆ ಇಷ್ಟು ಹೊತ್ತು ಸಿಟ್ಟುಮಾಡಿಕೊಂಡಿದ್ದೆನಲ್ಲ, ನಾನು ಓದಿದ್ದು ಯಾರ ದುಡಿಮೆಯ ಮೇಲೆ? ಅಕ್ಕನಿಗೆ ಅನ್ಯಾಯವಾಯಿತೇ ಎಂದು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳನ್ನು ಕೇಳಿರಲಿಲ್ಲ. ಆಗಲೂ ಕೇಳಲಿಲ್ಲ, ಹೌದು ಅಂದುಬಿಟ್ಟರೆ ಎಂಬ ಅಂಜಿಕೆ.

ಮತ್ತೆ ಅಲ್ಲಿಗೇ

ಕೊನೆಯ ದಿನ ಎಲ್ಲರೂ ಬಜಾರಕ್ಕೆ ಹೊರಟರು. ಅಕ್ಕ ಒಲ್ಲೆನೆಂದಳು. "ಆ ಹುಡುಗಿ ಕಡೆ ಹೋಗೂಣು. ಇಲ್ಲಂದ್ರ ನನಗ ಊಟ ಸೇರೂದಿಲ್ಲ." ಮೂರು ದಿನದಿಂದ ಅವಳು ನಿಜಕ್ಕೂ ಸರಿಯಾಗಿ ಉಂಡಿರಲಿಲ್ಲ. ಹಸನ್ ತನ್ನ ಗೆಳೆಯನ ಕಾರು ತಂದ. ದಾರಿಯಲ್ಲಿ ಟೈರು ಪಂಕ್ಚರಾಗಿ, ಕತ್ತೆಗಾಡಿಯ ನೆರಳಲ್ಲಿ ಒಂದು ತಾಸು ಕಾದೆವು.

ಕಿಟಕಿಯ ಹತ್ತಿರ ಹನಾನ್ ಇರಲಿಲ್ಲ. ಅಲ್ಲಿ ಆರೇಳು ವರ್ಷದ ಬೇರೊಂದು ಮಗು ರಾಟಿಯ ಜೊತೆ ಗುದ್ದಾಡುತ್ತಿತ್ತು. ಮೇಸ್ತ್ರಿ ನಮ್ಮನ್ನು ಗುರುತಿಸಿ, ಎರಡೂ ಕೈ ಚಾಚಿ ಸ್ವಾಗತಿಸಿದ. ನಿಮ್ಮ ಕೃಪೆಯಿಂದ ಹನಾನ್ ಈಗ ಅರ್ಧ ದಿನಕ್ಕೇ ನೂಲು ಮುಗಿಸುತ್ತಾಳೆ, ಅದಕ್ಕೇ ಮಗ್ಗಕ್ಕೆ ಕೂರಿಸಿದ್ದೇನೆ, ಇನ್ನು ಅವಳು ದೊಡ್ಡ ಕಸುಬಿನವಳು ಎಂದ. ಹಸನ್ ಇದನ್ನು ಹಿಂದಿಯಲ್ಲಿ ಹೇಳುವಾಗ ಅವನೂ ಸಂತೋಷದಲ್ಲಿದ್ದ. ಒಳಗಿನ ಸಾಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಗೋಡೆಗೆ ಮುಖಮಾಡಿ ಹನಾನ್ ಕೂತಿದ್ದಳು. ಅಲ್ಲಿಗೆ ಹೊರಗಿನ ಬೆಳಕೂ ಇಲ್ಲ, ಸದ್ದೂ ಇಲ್ಲ.

ಅಕ್ಕ ಹಸನ್‌ನ ತೋಳು ಹಿಡಿದಳು. "ಆಕಿನ್ನ ಮತ್ತ ಖಿಡಕಿ ಬಾಜು ಕುಂದ್ರಸು ಅಂತ ಹೇಳಪ್ಪಾ ಅವನಿಗಿ." ನಾನು ಹಿಂದಿಗೆ ತಿರುಗಿಸಿದೆ, ಹಸನ್ ಅರಬ್ಬಿಗೆ. ಮೇಸ್ತ್ರಿಗೆ ನಗು ಬಂತು. ನೂಲು ಸುತ್ತುವುದು ಚಿಕ್ಕ ಮಕ್ಕಳ ಕೆಲಸ, ಮೇಲೆ ಹೋದವಳನ್ನು ಯಾರಾದರೂ ಕೆಳಗೆ ಇಳಿಸುತ್ತಾರೆಯೇ ಎಂದು ಕೇಳಿದ. ಅದೂ ಸರಿಯೇ ಅನ್ನಿಸಿತು ನನಗೆ. "ಅಕ್ಕಾ, ಆಕಿಗಿ ಛಲೋ ಆತಲ್ಲ?" ಎಂದೆ. ಅಕ್ಕ ನನ್ನನ್ನು ನೋಡಿದ ರೀತಿಗೆ ನಾನು ಬಾಯಿ ಮುಚ್ಚಿಕೊಂಡೆ.

ಅವಳು ಹೋಗಿ ಹುಡುಗಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಕನ್ನಡ, ಮರಾಠಿ, ಯಾವುದೂ ಬಾಯಿಗೆ ಬರಲಿಲ್ಲ. ಹುಡುಗಿಯ ಕೈ ಹಿಡಿದಳು. ಹನಾನ್ ಒಂದು ಗಳಿಗೆ ಹಿಡಿಯಲು ಬಿಟ್ಟು, ಮೆಲ್ಲಗೆ ಬಿಡಿಸಿಕೊಂಡು ಮುಂದಿನ ಗಂಟು ಹಾಕಿದಳು. ಆ ಮುಖದಲ್ಲಿ ಸಿಟ್ಟಿತ್ತೋ ಬೇಸರವಿತ್ತೋ ನನಗೆ ಓದಲಾಗಲಿಲ್ಲ. ರೋಗಿಗಳ ಮುಖ ಓದುವುದರಲ್ಲಿ ನಾನು ಗಟ್ಟಿಗಿತ್ತಿ ಎಂದು ಆಸ್ಪತ್ರೆಯಲ್ಲಿ ಹೆಸರಿತ್ತು.

ಖಾನಾಪುರ

ಮೊನ್ನೆ ಫೋಟೋಗಳನ್ನು ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಮಗ ಸೊಸೆ ಉದ್ಯಮಬಾಗದ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದರು. ಅಕ್ಕ ಒಬ್ಬಳೇ ಹಿತ್ತಲಲ್ಲಿ ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಒಂಟೆಯ ಫೋಟೋ, ನದಿಯ ಫೋಟೋ ಎಲ್ಲ ಸರಸರ ಸರಿಸಿದಳು. ಒಂದರಲ್ಲಿ ಅವಳ ಕೈ ನಿಂತಿತು. ಉಪಾಧ್ಯೆಯವರು ತೆಗೆದದ್ದು: ರಾಟಿಯ ಮುಂದೆ ಅಕ್ಕ, ಪಕ್ಕದಲ್ಲಿ ಹನಾನ್.

"ನಮ್ಮಿಬ್ಬರನ್ನ ಬಿಡು. ಹಿಂದಿನ ಖಿಡಕಿ ನೋಡು," ಅಂದಳು.

ಕಿಟಕಿಯಾಚೆ ಅಂಗಳದಲ್ಲಿ ಕರಿಹಲಗೆ, ಅದರ ಮುಂದೆ ಸಾಲಾಗಿ ಮಕ್ಕಳು.

ಈಗಲೂ ಕೇಳದಿದ್ದರೆ ಇನ್ನೆಂದೂ ಕೇಳಲಾರೆ ಅನ್ನಿಸಿತು. "ಅಕ್ಕಾ, ನೀನೂ ಬೇಕಂತ ಸಾವಕಾಶ ಸುತ್ತತಿದ್ಯಾ? ಕೆಲಸಾ ಜಾಸ್ತಿ ಆಕ್ಕೈತಂತ?"

"ಕೆಲಸಕ್ಕ ಯಾರ ಅಂಜತಾರ? ಮುಂಜಾನಿಂದ ಸಾವಕಾಶ ಸುತ್ತಿ, ಎರಡ ಲಡಿ ನೂಲು ಉಳಸತಿದ್ದೆ. ನೀ ಸಾಲಿಂದ ಬಂದು ಬಾಜುಕ ಕುಂತು ಓದತಿದ್ದೆಲ್ಲ, ಅವಾಗಿಗಿ. ಕೆಲಸಾ ಮುಗೀತಂದ್ರ ಅವ್ವ ನೀರಿಗಿ ಕಳಸ್ತಿದ್ಲು. ನೀ ಐದನೇತ್ತೆ ಓದಿದಿ, ನಾನೂ ಓದಿದೆ. ಆರು, ಏಳು, ಎಲ್ಲಾ ನಿನ್ನ ಜೋಡಿ ಓದೇನಿ."

ಅಕ್ಕ ಸೊಪ್ಪು ಬಿಡಿಸುತ್ತಲೇ ಇದ್ದಳು.

"ಎಂಟನೇತ್ತೆ ಸುರು ಆಗಿ ನಾಕ ದಿನಾ ಆಗಿತ್ತು. ಈಜಿಪ್ತದ ಪಾಠ ಅರ್ಧಾ ಓದಿ ಪುಸ್ತಕಾ ಮುಚ್ಚಿದಿ. ರಾಟಿ ಸಪ್ಪಳಕ್ಕ ತಲಿ ಹಿಡಿತೈತಿ ಅಂತ ಅಪ್ಪನ ಮುಂದ ಅತ್ತಿ. ಮರುದಿನಾ ನಿನ್ನ ಒಳಗಿನ ಖೋಲಿಗಿ ಹಾಕಿದ್ರು."

ಅಪ್ಪ ತಾನಾಗಿಯೇ ಕೊಟ್ಟ ಕೋಣೆ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಅತ್ತದ್ದು ನನಗೆ ನೆನಪೇ ಇರಲಿಲ್ಲ. ಆ ಕ್ಷಣ ನೆನಪಾಯಿತು, ಅತ್ತಾಗ ಪಕ್ಕದಲ್ಲಿ ರಾಟಿ ನಿಂತಿದ್ದೂ ನೆನಪಾಯಿತು.

"ನೀ ಹೇಳಬೇಕಿತ್ತಲ್ಲ ಅಕ್ಕಾ."

"ಏನಂತ? ನಿನಗ ಖರೇನ ತ್ರಾಸ ಆಕ್ಕಿತ್ತು." ಕಟ್ಟಿನ ಕೊನೆಯ ಸೊಪ್ಪು ಬಿಡಿಸಿ ಕೈ ಕೊಡವಿದಳು. "ಆಮ್ಯಾಲೆ ಸಾವಕಾಶ ಸುತ್ತಿ ಏನ ಮಾಡೂದು? ಚಕ್ರಾ ನಿಲ್ಲಸದ ಸುತ್ತೂದು ಅವಾಗ ಕಲತೆ."

ಹನಾನ್‌ಗೆ ಅವಳು ಕಲಿಸಿದ್ದು ಅದನ್ನೇ. ಆ ಹುಡುಗಿ ಯಾತಕ್ಕಾಗಿ ನಿಧಾನ ಮಾಡುತ್ತಿದ್ದಳೆಂದು ನಮಗೆ ಯಾರಿಗೂ ಖಾತ್ರಿಯಿಲ್ಲ. ಕೈಸೋತಿರಬಹುದು, ಬೇಸರವಿರಬಹುದು. ಅಕ್ಕ ಮಾತ್ರ ಬೇರೆ ಏನನ್ನೂ ಒಪ್ಪುವುದಿಲ್ಲ. ನಾನು ಅವಳ ಕೈ ಹಿಡಿದು ತಪ್ಪಾಯಿತು ಅಂದೆ, ಅತ್ತೆ. "ಏ ಹುಚ್ಚಿ, ನೀನೂ ಕೂಸ ಇದ್ದಿ," ಎಂದು ಮೆಂತೆಯ ಕೈಯಿಂದಲೇ ನನ್ನ ಕಣ್ಣೊರೆಸಿದಳು.

ಆಮೇಲೆ ಅಕ್ಕ ನೆಟ್ಟಗೆ ಕೂತು, ಖಾನಾಪುರದ ಮಾತು ಬಿಟ್ಟು, ಶಾಲೆಯ ಕನ್ನಡದಲ್ಲಿ, ನನ್ನ ಹದಿಮೂರು ವರ್ಷದ ದನಿಯ ರಾಗದಲ್ಲೇ ಒಪ್ಪಿಸಿದಳು: "ಪಿರಮಿಡ್ಡುಗಳು ಈಜಿಪ್ಟಿನ ಅರಸರ ಸಮಾಧಿಗಳು. ಅವುಗಳನ್ನು ಕಟ್ಟಲು ಸಾವಿರಾರು ಜನರು ಅನೇಕ ವರ್ಷ ದುಡಿದರು. ಪಿರಮಿಡ್ಡಿನ ಒಳಗೆ ಒಂದು ಇಕ್ಕಟ್ಟಾದ ಹಾದಿಯಿದೆ. ಆ ಹಾದಿಯ ಕೊನೆಯಲ್ಲಿ..."

ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು.

"ಮುಂದ ಏನಿತ್ತು ಶಾಂತಾ?"

ಒಳಕೋಣೆಯ ಬಲ್ಬಿನ ಕೆಳಗೆ ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಎಷ್ಟು ತಡಕಿದರೂ ಒಂದು ಅಕ್ಷರ ನೆನಪಾಗಲಿಲ್ಲ.